ಡ್ಯುಯೆಟ್ ಜೋಡಿಯ ನಡುವೆ ಆಡದ ಮಾತಿದ್ದರೆ ಮೊದಲು ಕೆಡುವುದು ಸ್ಕೇಲು

ರಸಮಂಜರಿ ತಂಡಗಳ ಹಾಡಿನ ಫೈಲಿನಲ್ಲಿ ಪ್ರತಿ ಡ್ಯುಯೆಟ್ಟಿನ ಪಕ್ಕ ಪೆನ್ಸಿಲಿನಲ್ಲಿ ಬರೆದ ಒಂದು ಅಕ್ಷರ ಇರುತ್ತದೆ. ಡಿ, ಡಿ ಶಾರ್ಪ್, ಎಫ್, ಹೀಗೆ. ಅದು ಆ ಜೋಡಿಯ ಸ್ಕೇಲು, ಅಂದರೆ ಅವರಿಬ್ಬರೂ ಆ ಹಾಡನ್ನು ಹಾಡುವ ಶ್ರುತಿ. ಒಂದು ಸಲ ಕೂತು ಗೊತ್ತುಮಾಡಿದ ಮೇಲೆ ವರ್ಷಗಟ್ಟಲೆ ಹಾಗೇ ಇರಬೇಕಾದದ್ದು. ಶೀತ, ಕೆಮ್ಮು ಏನೂ ಇಲ್ಲದ ದಿನಗಳಲ್ಲೂ ಆ ಅಕ್ಷರಕ್ಕೆ ರಬ್ಬರ್ ತಾಗುತ್ತಿದೆ, ಅದೂ ಪ್ರತಿ ಸಲ ಒಬ್ಬರ ಅನುಕೂಲದ ಕಡೆಗೇ ಜಾರುತ್ತಿದೆ ಅಂದರೆ, ಜೋಡಿಯಲ್ಲಿ ಯಾರೋ ಒಬ್ಬರು ಜನರನ್ನು ಬಿಟ್ಟು ಪಕ್ಕದವರಿಗೋಸ್ಕರ ಹಾಡಲು ಶುರುಮಾಡಿದ್ದಾರೆ.

ತಂಡದೊಳಗೆ ಇಂಥದ್ದು ಹುಟ್ಟುವುದು ಅಪರೂಪವೇನಲ್ಲ. ಸೀಸನ್ನಿನಲ್ಲಿ ವಾರಕ್ಕೆ ಮೂರು ರಾತ್ರಿ ಪಕ್ಕಪಕ್ಕ ನಿಂತು ಪ್ರೇಮಗೀತೆ ಹಾಡಿ, ಒಂದೇ ಟಿಟಿಯಲ್ಲಿ (ಟೆಂಪೋ ಟ್ರಾವೆಲರ್) ಬೆಳಗಿನ ಜಾವ ಊರು ಸೇರುವವರಲ್ಲಿ ಹುಟ್ಟದಿದ್ದರೇ ಆಶ್ಚರ್ಯ. ತಂಡ ನಡೆಸುವವರು, ಕೀಬೋರ್ಡ್ ಹಿಂದೆ ಕೂತು ರಿಹರ್ಸಲ್ ಮಾಡಿಸುವವರು ಆಗ ಏನು ಮಾಡಬೇಕು, ಏನು ಮಾಡಬಾರದು ಅನ್ನುವುದಷ್ಟೇ ಇಲ್ಲಿಯ ವಿಷಯ. ಪ್ರೀತಿ ಇದೆಯೋ ಇಲ್ಲವೋ ಪತ್ತೆಹಚ್ಚುವುದು ನಮ್ಮ ಕೆಲಸ ಅಲ್ಲ. ಆ ಮಾತು ಆಡಿದರೂ ಆಡದಿದ್ದರೂ ಹಾಡು ಕೆಡಬಾರದು, ಇಬ್ಬರಲ್ಲಿ ಯಾರ ಅನ್ನಕ್ಕೂ ಕಲ್ಲು ಬೀಳಬಾರದು.

ಸ್ಕೇಲಿನಿಂದ ಶುರುಮಾಡೋಣ, ಹೆಚ್ಚು ನಷ್ಟ ಆಗುವುದು ಅಲ್ಲೇ. ಶಾಸ್ತ್ರೀಯವಾಗಿ ಕಲಿತ ಗಂಡು ದನಿಯ ಶ್ರುತಿ ಸಾಮಾನ್ಯವಾಗಿ ಒಂದು ಅಥವಾ ಒಂದೂವರೆ ಮನೆ (ಶ್ರುತಿಯ ಎತ್ತರ ಹೇಳುವ ಲೆಕ್ಕ). ಹೆಣ್ಣು ದನಿಯದು ಐದು ಅಥವಾ ಐದೂವರೆ. ಕೀಬೋರ್ಡ್ ಲೆಕ್ಕದಲ್ಲಿ ಒಂದೂವರೆ ಅಂದರೆ ಸಿ ಶಾರ್ಪ್, ಐದೂವರೆ ಅಂದರೆ ಜಿ ಶಾರ್ಪ್. ನಡುವೆ ಕರಿ ಬಿಳಿ ಸೇರಿ ಏಳು ಕೀ ಅಂತರ. ಗಂಡು ದನಿಯ ಪಂಚಮ (ಪ) ಎಲ್ಲಿ ಬರುತ್ತದೋ ಅಲ್ಲಿ ಹೆಣ್ಣು ದನಿಯ ಷಡ್ಜ (ಸ) ಕೂತಿರುತ್ತದೆ. ಕರ್ನಾಟಕ ಸಂಗೀತದ ಜೋಡಿಗಾಯನದಲ್ಲಿ ಅಣ್ಣತಮ್ಮಂದಿರು, ಅಕ್ಕತಂಗಿಯರೇ ಹೆಚ್ಚು ಕಾಣುವುದು ಸುಮ್ಮನಲ್ಲ. ನಮ್ಮ ರುದ್ರಪಟ್ಣಂ ಸಹೋದರರನ್ನೇ ನೆನೆಸಿಕೊಳ್ಳಿ. ಒಂದೇ ಮನೆಯ ಪಾಠ ಒಂದು ಕಾರಣವಾದರೆ, ಶ್ರುತಿ ಹೊಂದುವುದು ಇನ್ನೊಂದು. ರಸಮಂಜರಿಗೆ ಆ ಸೌಕರ್ಯ ಇಲ್ಲ. ರಾಜ್‌ಕುಮಾರ್ ಜೊತೆ ವಾಣಿ ಜಯರಾಂ, ಎಸ್‌ಪಿಬಿ ಜೊತೆ ಎಸ್. ಜಾನಕಿ ಹಾಡಿದ್ದನ್ನು ಜನ ಕೇಳುತ್ತಾರೆ. ಆ ಗಂಟಲುಗಳಿಗೆ ಅಂತ ಹೊಲಿದ ಸ್ಕೇಲಿನಲ್ಲಿ ನಮ್ಮವರಿಬ್ಬರೂ ಆರಾಮಾಗಿ ಹಾಡುವ ಸಂಭವ ಕಡಿಮೆ.

ಹಾಗಾಗಿ ಸ್ಕೇಲು ಕೂರಿಸುವ ದಿನ ಇಬ್ಬರನ್ನೂ ಬೇರೆ ಬೇರೆ ಹೊತ್ತಿಗೆ ಕರೆಸಿ. ಇಡೀ ಹಾಡು ಬೇಡ, ಅವರ ಪಾಲಿಗೆ ಬರುವ ಅತಿ ಎತ್ತರದ ಸಾಲು ಮತ್ತು ಅತಿ ತಗ್ಗಿನ ಸಾಲು ಸಾಕು. ಕೀಬೋರ್ಡಿನಲ್ಲಿ ಸ್ಕೇಲು ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಒತ್ತುತ್ತ ಒಂದೊಂದೇ ಕೀ ಏರಿಸಿ. ಕತ್ತಿನ ನರ ಎದ್ದು ಕಾಣುವ ಕೀ ಬಂದ ಕೂಡಲೇ ನಿಲ್ಲಿಸಿ, ಎರಡು ಕೀ ಹಿಂದಕ್ಕೆ ಬನ್ನಿ. ಅದು ಮೇಲಿನ ಗಡಿ. ತಗ್ಗಿನ ಸಾಲಿಗೆ ಹಾಗೆಯೇ ಇಳಿಸುತ್ತ ಹೋಗಿ. ಪದದಲ್ಲಿ ದನಿ ಉಳಿಯದೆ ಬರೀ ಉಸಿರು ಕೇಳಿಸುವ ಕೀಗಿಂತ ಒಂದು ಕೀ ಮೇಲೆ ಬಂದರೆ ಕೆಳಗಿನ ಗಡಿ. ಇಬ್ಬರ ಗಡಿಗಳನ್ನೂ ಅಕ್ಕಪಕ್ಕ ಬರೆದರೆ ಎರಡೋ ಮೂರೋ ಕೀ ಅಗಲದ ಕಿಂಡಿ ಸಿಗುತ್ತದೆ. ಸ್ಕೇಲು ಅದರೊಳಗೆ ಬರಬೇಕು. ಕಿಂಡಿಯೇ ಇಲ್ಲದ ಹಾಡುಗಳೂ ಇರುತ್ತವೆ, ಅವನ್ನು ಆ ಜೋಡಿಗೆ ಕೊಡಬೇಡಿ. ಮೈನಸ್ ಒನ್ ಟ್ರ್ಯಾಕಿಗೆ (ಗಾಯಕರ ದನಿ ತೆಗೆದು ವಾದ್ಯ ಮಾತ್ರ ಉಳಿಸಿದ ಮುದ್ರಣ) ಹಾಡಿಸುವವರಾದರೆ ಮೂಲಕ್ಕಿಂತ ಎರಡು ಕೀ ಆಚೀಚೆ ಸರಿಸಬಹುದು. ಮೂರು ದಾಟಿದರೆ ಪಿಟೀಲಿನ ನಾದ ಸೊಳ್ಳೆ ಗುಂಯ್ಗುಟ್ಟಿದ ಹಾಗೆ ಆಗುತ್ತದೆ.

ಬೇರೆ ಬೇರೆ ಯಾಕೆ ಕರೆಸಬೇಕು? ಒಟ್ಟಿಗೆ ಕೂರಿಸಿ ಕೇಳಿದರೆ ಬರುವ ಉತ್ತರ ಗೊತ್ತೇ ಇದೆ: “ಮೇಡಂಗೆ ಯಾವುದು ಆಗುತ್ತೋ ಅದೇ ಇಡಿ ಸರ್, ನಾನು ಅಡ್ಜಸ್ಟ್ ಮಾಡ್ಕೋತೀನಿ.” ಈ ಮಾತು ಕೇಳದ ಕೀಬೋರ್ಡಿಸ್ಟ್ ಇಲ್ಲ. ಹೀಗೆ ಅಡ್ಜಸ್ಟ್ ಮಾಡಿಕೊಂಡ ಗಾಯಕರು ನಾಲ್ಕನೇ ಹಾಡಿನ ಹೊತ್ತಿಗೆ ಮೇಲಿನ ಸಾಲುಗಳನ್ನು ಕಳ್ಳದನಿಯಲ್ಲಿ ದಾಟಿಸುತ್ತಿರುತ್ತಾರೆ. ಗಾಯಕಿ ಅಡ್ಜಸ್ಟ್ ಮಾಡಿಕೊಂಡರೆ ಕೆಡುವುದು ಇನ್ನೊಂದು ರೀತಿ. ತಗ್ಗಿನ ಸಾಲು ಕೇಳಿಸದೆ ಸೌಂಡ್ ಆಪರೇಟರ್ ಆ ಮೈಕಿನ ಗೇನ್ (ದನಿ ಹಿಡಿಯುವ ಮಟ್ಟ) ಏರಿಸುತ್ತಾನೆ, ಹಿಂದಿನ ಢೋಲಕ್ಕೂ ಎಲೆಕ್ಟ್ರಾನಿಕ್ ಡ್ರಮ್ ಪ್ಯಾಡೂ ಅದೇ ಮೈಕಿನೊಳಗೆ ನುಗ್ಗುತ್ತವೆ, ಇಡೀ ಹಾಡು ಕೆಸರಾಗುತ್ತದೆ. ತ್ಯಾಗ ಮಾಡಿದವರ ಮನಸ್ಸು ಮಾತ್ರ ಯಾರಿಗೂ ಕೇಳಿಸುವುದಿಲ್ಲ. ಇಪ್ಪತ್ತನಾಲ್ಕು ಹಾಡಿನ ಕಾರ್ಯಕ್ರಮದಲ್ಲಿ ಎಂಟು ಡ್ಯುಯೆಟ್ ಇದ್ದು ಎಂಟರಲ್ಲೂ ಒಬ್ಬರೇ ಬಿಟ್ಟುಕೊಟ್ಟರೆ, ಗಣೇಶನ ಸೀಸನ್ ಶುರುವಾಗಿ ಎರಡು ವಾರಕ್ಕೆ ಗಂಟಲು ಕೂರುತ್ತದೆ. ಆಮೇಲೆ ಸೋಲೋ ಹಾಡೂ ಇಲ್ಲ. ಅದಕ್ಕೇ ಗೊತ್ತುಮಾಡಿದ ಸ್ಕೇಲನ್ನು ಪೆನ್ನಿನಲ್ಲಿ ಬರೆದು ದಿನಾಂಕ ಹಾಕಿ. ಬದಲಾಯಿಸಬೇಕೆಂದರೆ ರಿಹರ್ಸಲ್‌ನಲ್ಲಿ, ಗಡಿ ಮತ್ತೆ ಅಳೆದು. ಸ್ಟೇಜಿನ ಮೇಲೆ ಕಣ್ಸನ್ನೆಯಲ್ಲಿ ಇಳಿಸುವ ಪದ್ಧತಿ ಬೇಡ.

ಎರಡನೆಯದು ಕಾಲಪ್ರಮಾಣ, ಅಂದರೆ ಹಾಡಿನ ವೇಗ. ಇದನ್ನು ಮೊದಲು ಹಿಡಿಯುವವರು ರಿದಂನವರು. ಮಾಲೀಕರಿಗೆ ಗೊತ್ತಾಗುವುದಕ್ಕೆ ಎಷ್ಟೋ ದಿನ ಮುಂಚೆಯೇ ಪ್ಯಾಡ್ ನುಡಿಸುವ ಹುಡುಗನಿಗೆ ಗೊತ್ತಿರುತ್ತದೆ. ಚರಣದ ಕೊನೆಯ ಪದ ಎಳೆದು, ಪಕ್ಕದವರು ಉಸಿರು ತೆಗೆದುಕೊಳ್ಳುವುದನ್ನು ಕಾದು, ಆಮೇಲೆ ಬಿಡುವ ಅಭ್ಯಾಸ ಶುರುವಾಗುತ್ತದೆ. ಒಂದೊಂದು ಸಾಲಿನಲ್ಲಿ ಕೂದಲೆಳೆಯಷ್ಟು. 92 ಬಿಪಿಎಂನಲ್ಲಿ (ನಿಮಿಷಕ್ಕೆ 92 ಬೀಟು) ಎತ್ತಿದ ಹಾಡು ಮುಗಿಯುವಾಗ 88ಕ್ಕೆ ಬಂದಿರುತ್ತದೆ. ಪೂರ್ತಿ 88ರಲ್ಲೇ ಹಾಡಿದರೆ ನಾಲ್ಕೂವರೆ ನಿಮಿಷದ ಹಾಡು ಹನ್ನೆರಡು ಸೆಕೆಂಡು ಉದ್ದ ಆಗುತ್ತದೆ ಅಷ್ಟೆ. ಆದರೆ ಕುಣಿಯಲು ಎದ್ದ ಮುಂದಿನ ಸಾಲಿನ ಜನ ಕೂತುಬಿಡುತ್ತಾರೆ. ಇದಕ್ಕೆ ಔಷಧ ಸುಲಭ: ರಿದಂನವರ ಕಿವಿಗೆ ಮಾತ್ರ ಕ್ಲಿಕ್ (ವೇಗ ಹಿಡಿದಿಡುವ ಟಿಕ್ ಟಿಕ್ ಸದ್ದು) ಕೊಡಿ, ಗಾಯಕರಿಗೆ ಕೊಡಬೇಡಿ. ಎಳೆಯುವ ಜಾಗ ಯಾವುದು ಅಂತ ರಿಹರ್ಸಲ್‌ನಲ್ಲೇ ಗುರುತು ಹಾಕಿ. ಎರಡನೇ ಚರಣದ ಕೊನೆ ಒಂದೇ ಕಡೆ ಸಾಕು, ಅಲ್ಲಿ ರಿದಂ ನಿಲ್ಲಲಿ, ಎಷ್ಟು ಬೇಕೋ ಎಳೆಯಲಿ. ಭಾವಕ್ಕೆ ಒಂದು ಜಾಗ ಮಾಡಿಕೊಟ್ಟರೆ ಮಿಕ್ಕ ಕಡೆ ಅದು ಹಟ ಮಾಡುವುದಿಲ್ಲ.

ಮೈಕಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದರ ಬೈಗುಳವೆಲ್ಲ ಪಾಪ ಆಪರೇಟರ್ ತಲೆಗೆ ಬರುತ್ತದೆ. ನಾವು ಬಳಸುವ ಹ್ಯಾಂಡ್ ಮೈಕುಗಳು ಬಹುಪಾಲು ಕಾರ್ಡಿಯಾಯ್ಡ್, ಶೂರ್ ಎಸ್ಎಂ 58ರ ಥರದವು. ಮುಂದಿನಿಂದ ಬಂದ ದನಿಯನ್ನು ಪೂರ್ತಿ ಹಿಡಿದು, ಬೆನ್ನಿನಿಂದ ಬರುವುದನ್ನು ಆದಷ್ಟು ಬಿಡುತ್ತವೆ. ಅದಕ್ಕೇ ನೆಲದ ಮಾನಿಟರ್, ಅಂದರೆ ಗಾಯಕರಿಗೆ ಕೇಳಿಸಲೆಂದು ಅವರ ಕಡೆ ತಿರುಗಿಸಿಟ್ಟ ಸ್ಪೀಕರ್, ಮೈಕಿನ ಬೆನ್ನಿಗೆ ನೇರ ಇರಬೇಕು. ಗಾಯಕಿ ಜೊತೆಯವರ ಕಡೆ ತಿರುಗಿ ಹಾಡತೊಡಗಿದರೆ ಮೈಕೂ ತಿರುಗುತ್ತದೆ, ಅದರ ಬೆನ್ನು ಮಾನಿಟರಿನಿಂದ ಸರಿಯುತ್ತದೆ, ಕುಂಯ್ ಅಂತ ಫೀಡ್‌ಬ್ಯಾಕ್. ಮೈಕು ಸ್ಟ್ಯಾಂಡಿನಲ್ಲಿದ್ದರೆ ಮುಖ ಮಾತ್ರ ತಿರುಗುತ್ತದೆ; ಬಾಯಿ ಪಕ್ಕಕ್ಕೆ ಸರಿದಷ್ಟೂ ದನಿ ಮಂಕು. ಬಾಯಿ ಮೈಕಿನ ದೂರ ಎರಡು ಇಂಚಿನಿಂದ ನಾಲ್ಕು ಇಂಚಾದರೆ ಸುಮಾರು 6 ಡೆಸಿಬಲ್ ಹೋಯಿತು. ಇನ್ನು ಇಬ್ಬರೂ ಹತ್ತಿರ ಹತ್ತಿರ ನಿಂತರೆ ಒಬ್ಬರ ದನಿ ಎರಡು ಮೈಕಿಗೂ ಬಿದ್ದು, ಡಬ್ಬದೊಳಗಿಂದ ಹಾಡಿದ ಹಾಗೆ ಕೇಳಿಸುತ್ತದೆ. ಬಾಯಿಯಿಂದ ಮೈಕು ಎಷ್ಟು ದೂರವೋ ಅದರ ಮೂರರಷ್ಟಾದರೂ ದೂರ ಎರಡು ಮೈಕುಗಳ ನಡುವೆ ಇರಲಿ ಅನ್ನುವುದು ಸೌಂಡಿನವರ ಹಳೆಯ ಲೆಕ್ಕ. ನೆಲದ ಮೇಲೆ ಬಿಳಿ ಟೇಪಿನಲ್ಲಿ ಎರಡು ಗುರುತು ಹಾಕಿ, ನಡುವೆ ಮೂರಡಿ, ಪಾದ ಸ್ವಲ್ಪ ಒಳಮುಖ. ಕಣ್ಣು ತಿರುಗಿಸಿದರೆ ಪಕ್ಕದವರು ಕಾಣಬೇಕು, ಕತ್ತು ತಿರುಗಿಸುವ ಅಗತ್ಯ ಬೀಳಬಾರದು.

ಮಾನಿಟರಿನ ಬೇಡಿಕೆಯೂ ಒಂದು ಸೂಚನೆ. ಸೌಂಡ್ ಚೆಕ್‌ನಲ್ಲಿ ಎಲ್ಲರೂ ಕೇಳುವುದು “ನನ್ನ ವಾಯ್ಸ್ ಜಾಸ್ತಿ ಕೊಡಿ” ಅಂತ. “ಅವರ ವಾಯ್ಸ್ ಜಾಸ್ತಿ ಕೊಡಿ, ನಂದು ಸಾಕು” ಅನ್ನುವವರು ಕಡಿಮೆ. ತನ್ನ ದನಿ ತನಗೆ ಕೇಳಿಸದವರು ಒತ್ತಿ ಹಾಡುತ್ತಾರೆ, ಒತ್ತಿದಾಗ ಶ್ರುತಿ ಜಾರುತ್ತದೆ. ಆಪರೇಟರಿಗೆ ಒಂದು ನಿಯಮ ಹೇಳಿಟ್ಟರೆ ಸಾಕು: ಪ್ರತಿ ಮಾನಿಟರಿನಲ್ಲಿ ಅವರವರ ದನಿ ಯಾವಾಗಲೂ ಜೊತೆಯವರ ದನಿಗಿಂತ ಮೇಲೆ.

ಇವೆಲ್ಲ ಸರಿಪಡಿಸಬಹುದಾದ ಸಣ್ಣಪುಟ್ಟವು. ಇದ್ದದ್ದರಲ್ಲಿ ದೊಡ್ಡ ಕೇಡು ಇನ್ನೊಂದಿದೆ, ಅದು ಸದ್ದಿಲ್ಲದ್ದು. ಇಬ್ಬರೂ ಒಬ್ಬರನ್ನೊಬ್ಬರು ತಿದ್ದುವುದನ್ನು ನಿಲ್ಲಿಸುತ್ತಾರೆ. ಒಳ್ಳೆಯ ಜೋಡಿ ಅಂದರೆ ರಿಹರ್ಸಲ್‌ನಲ್ಲಿ “ಅಲ್ಲಿ ನಿಷಾದ ತಗ್ಗಿತು ನೋಡಿ”, “ಆ ಪದ ನುಂಗಿದ್ರಿ” ಅಂತ ಮುಲಾಜಿಲ್ಲದೆ ಹೇಳಿಕೊಳ್ಳುವ ಜೋಡಿ. ಮನಸ್ಸಿನಲ್ಲಿ ಬೇರೆ ಮಾತು ಕೂತವರಿಗೆ ಇದು ಆಗುವುದಿಲ್ಲ. ನೊಂದುಕೊಂಡಾರು ಅನ್ನುವ ಭಯ, ತನ್ನ ಮೇಲೆ ಬೇಸರವಾದೀತು ಅನ್ನುವ ಲೆಕ್ಕ. ಎಲ್ಲದಕ್ಕೂ “ಚೆನ್ನಾಗಿತ್ತು”. ಆರು ತಿಂಗಳು ಹೀಗೇ ಹೋದರೆ ಒಬ್ಬರ ತಪ್ಪು ಇನ್ನೊಬ್ಬರಿಗೆ ಅಂಟುತ್ತದೆ. ಅವರು ಅನಗತ್ಯವಾಗಿ ಹಾಕುವ ಗಮಕ ಇವರೂ ಹಾಕುತ್ತಾರೆ, ಇವರ ‘ಳ’ಕಾರದ ದೋಷ ಅವರ ನಾಲಿಗೆಗೂ ಬರುತ್ತದೆ. ಕೊನೆಗೆ ಇಬ್ಬರದೂ ಒಂದೇ ದನಿ ಅನ್ನಿಸಿ ಡ್ಯುಯೆಟ್ಟಿನ ಸ್ವಾರಸ್ಯವೇ ಹೋಗುತ್ತದೆ. ಎರಡು ಬೇರೆ ದನಿಗಳು ಒಂದು ಸಾಲಿನಲ್ಲಿ ಸೇರುವುದನ್ನು ಕೇಳಲು ತಾನೇ ಜನ ಬರುವುದು.

ತಿದ್ದುವ ಭಾರವನ್ನು ಜೋಡಿಯಿಂದ ಇಳಿಸಿ ರಿಹರ್ಸಲ್ ಮಾಡಿಸುವವರು ಹೊತ್ತುಕೊಳ್ಳಬೇಕು. ಡಿಜಿಟಲ್ ಮಿಕ್ಸರ್ ಇದ್ದರೆ ಯುಎಸ್‌ಬಿ ಮೂಲಕ ಪ್ರತಿ ಮೈಕನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಮುದ್ರಿಸಿಕೊಳ್ಳಬಹುದು. ಇಲ್ಲದಿದ್ದರೆ ಎರಡು ಫೋನು, ಒಬ್ಬೊಬ್ಬರ ಎದುರಿಗೆ ಒಂದೊಂದು. ಹಾಡು ಮುಗಿದ ಮೇಲೆ ಅವರವರ ಟ್ರ್ಯಾಕ್ ಅವರವರಿಗೆ ಕಳಿಸಿ. “ನಾಳೆ ಬರುವಾಗ ನಿಮ್ಮದರಲ್ಲಿ ನಿಮಗೆ ಕಂಡ ಮೂರು ತಪ್ಪು ಬರ್ಕೊಂಡ್ ಬನ್ನಿ” ಅನ್ನಿ. ಮಾರನೇ ದಿನ ಹದಿನೈದು ನಿಮಿಷ ಅದಕ್ಕೇ ಮೀಸಲು, ಒಬ್ಬೊಬ್ಬರದೇ. ಜೊತೆಯವರ ಟ್ರ್ಯಾಕ್ ಕೇಳಿದರೆ ಕೊಡಬೇಡಿ, ಅದನ್ನು ತಪ್ಪು ಹುಡುಕಲು ಯಾರೂ ಕೇಳುವುದಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ಈ ಲಕ್ಷಣಗಳನ್ನು ಹಿಡಿದು ಪ್ರೀತಿ ಅಂತ ತೀರ್ಮಾನಿಸಬೇಡಿ. ನಿದ್ದೆಗೆಟ್ಟವರೂ ಕಾಲ ಎಳೆಯುತ್ತಾರೆ, ಮಾನಿಟರ್ ಸರಿಯಿಲ್ಲದಿದ್ದರೂ ಪಕ್ಕದವರ ದನಿ ಜಾಸ್ತಿ ಕೇಳುತ್ತಾರೆ. ಸ್ಟೇಜಿನ ಮೇಲೆ ಕಾಣುವ ಸಲಿಗೆ ಎಷ್ಟೋ ಸಲ ಬರೀ ಕಸುಬು. ಹಿಂದೆ ಸಿನಿಮಾ ಡ್ಯುಯೆಟ್‌ಗಳಿಗೆ ಗಾಯಕ ಗಾಯಕಿ ಒಟ್ಟಿಗೆ ನಿಂತು, ವಾದ್ಯದವರೆಲ್ಲ ಜೊತೆಗಿದ್ದು ಹಾಡು ಮುಗಿಸುತ್ತಿದ್ದರು. ಈಗ ಒಬ್ಬರು ಒಂದು ದಿನ ಒಂದೂರಿನಲ್ಲಿ, ಇನ್ನೊಬ್ಬರು ಮತ್ತೊಂದು ದಿನ ಮತ್ತೊಂದೂರಿನಲ್ಲಿ ಹಾಡಿ ಹೋಗುತ್ತಾರೆ. ಆ ಹಾಡುಗಳಲ್ಲೂ ಕೇಳುವವರಿಗೆ ಪ್ರೇಮ ಕೇಳಿಸುತ್ತದೆ ತಾನೇ?

ಇನ್ನೊಂದು ದೇಹದ ಲೆಕ್ಕ. 2013ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಒಟ್ಟಿಗೆ ಹಾಡುವವರ ಎದೆಬಡಿತ ಒಟ್ಟಿಗೇ ಏರಿ ಇಳಿಯುವುದು ಕಂಡಿತು. ಕಾರಣ ಉಸಿರು: ಒಂದೇ ಸಾಲನ್ನು ಹಾಡುವವರು ಒಂದೇ ಕಡೆ ಉಸಿರು ಎಳೆದು ಒಂದೇ ಕಡೆ ಬಿಡುತ್ತಾರೆ, ಎದೆಬಡಿತ ಆ ಉಸಿರಿನ ಹಿಂದೆ ಹೋಗುತ್ತದೆ. ಕೆನಡಾದ ಕ್ಯಾಪಿಲಾನೋ ತೂಗುಸೇತುವೆಯ ಪ್ರಯೋಗವೂ ಪ್ರಸಿದ್ಧ, 1974ರದು. ಭಯಕ್ಕೆ ಎದೆ ಹೊಡೆದುಕೊಳ್ಳುತ್ತಿದ್ದವರು ಅಲ್ಲಿ ಎದುರಾದ ಹೆಣ್ಣಿನ ಕಡೆ ಹೆಚ್ಚು ಸೆಳೆತ ತೋರಿಸಿದ್ದರು. ಐದು ಸಾವಿರ ಜನ ಒನ್ಸ್ ಮೋರ್ ಕೂಗುವಾಗ ಪಕ್ಕದಲ್ಲಿ ನಿಂತವರ ಮೇಲೆ ಏನೋ ಅನ್ನಿಸಿದರೆ ಅದರಲ್ಲಿ ಒಂದು ಪಾಲು ಆ ಐದು ಸಾವಿರ ಜನರದ್ದು.

ಜೋಡಿಯಲ್ಲಿ ಒಬ್ಬರು ತಾವಾಗಿಯೇ ಬಂದು ಮನಸ್ಸು ತೋಡಿಕೊಂಡರೆ ಅವರಿಗೆ ಕೊಡಬಹುದಾದ ಪರೀಕ್ಷೆಯೂ ಇಷ್ಟೇ ಸರಳ. ಅದೇ ಹಾಡನ್ನು ಬೇರೊಬ್ಬರ ಜೊತೆ ಎರಡು ಕಾರ್ಯಕ್ರಮದಲ್ಲಿ ಹಾಡಲಿ. ಆಗಲೂ ಎದೆ ಹಾಗೇ ಹೊಡೆದುಕೊಂಡರೆ ಅದು ಹಾಡಿನ ಗುಣ. ಹಾಗೆಯೇ ಮೂರು ವಾರ ಹಾಡು, ಕಾರ್ಯಕ್ರಮ ಇಲ್ಲದೆ ಇರುವಾಗ ಇಬ್ಬರಿಗೂ ಮಾತಾಡಲು ಹಾಡು ಬಿಟ್ಟು ಬೇರೆ ಏನಾದರೂ ಸಿಗುತ್ತದಾ ನೋಡಿಕೊಳ್ಳಲಿ.

ಮಾಲೀಕರು ಖಂಡಿತ ತಡೆಯಬೇಕಾದ್ದು ಚುಡಾಯಿಸುವುದನ್ನು. ಜೋಡಿಗಳನ್ನು ಒಡೆಯುವುದರಲ್ಲಿ ಮೊದಲ ಬಹುಮಾನ ನಿರೂಪಕರಿಗೇ ಕೊಡಬೇಕು. “ಈಗ ನಮ್ಮ ತಂಡದ ಜೋಡಿಹಕ್ಕಿಗಳು” ಅಂತ ಮೈಕಿನಲ್ಲಿ ಅಂದು, ಹಾಡು ಮುಗಿದ ಮೇಲೆ “ಏನ್ ಸಮಾಚಾರ ಸರ್, ಹಾಡೋದಷ್ಟೇನಾ?” ಅಂತ ಕೆಣಕಿದರೆ ಜನ ನಗುತ್ತಾರೆ, ಶಿಳ್ಳೆ ಬೀಳುತ್ತದೆ. ಹೇಳಲೋ ಬೇಡವೋ ಅಂತಿದ್ದವರು ಅಂದಿಗೆ ಬಾಯಿ ಮುಚ್ಚುತ್ತಾರೆ. ಏನೂ ಇಲ್ಲದವರ ಮನೆಗೆ ಆ ವಿಡಿಯೋ ಹೋಗಿ ಗಾಯಕಿಯ ಕಾರ್ಯಕ್ರಮಗಳೇ ನಿಲ್ಲುತ್ತವೆ. ನಿರೂಪಕರಿಗೆ ಕೊಡುವ ಚೀಟಿಯಲ್ಲಿ ಹಾಡು, ಗಾಯಕರ ಹೆಸರು, ಊರು, ಇಷ್ಟೇ ಬರೆದಿರಲಿ, ಅಷ್ಟೇ ಓದಲಿ. ಯೂಟ್ಯೂಬ್ ಥಂಬ್‌ನೇಲಿಗೆ ಹೃದಯದ ಚಿತ್ರ ಅಂಟಿಸುವುದೂ ಇದೇ ಜಾತಿಯ ಚೇಷ್ಟೆ. ಇದರ ತದ್ವಿರುದ್ಧ ಇನ್ನೊಂದು ಪೆದ್ದುತನ ಇದೆ: ಸುದ್ದಿ ಹಬ್ಬಿದ ಕೂಡಲೇ ಇಬ್ಬರಿಗೂ ರಾಖಿ ಕಟ್ಟಿಸಿ, ಇನ್ನು ಮೇಲೆ ಅಣ್ಣ ತಂಗಿ ಅನ್ನುವುದು. ಹಾಗೆ ಅನ್ನಿಸಿಕೊಂಡ ಮೇಲೆ ಆ ಇಬ್ಬರಿಂದ ಪ್ರೇಮಗೀತೆ ಹಾಡಿಸುವುದು ಹೇಗೆ ಅಂತ ಯಾರೂ ಯೋಚಿಸುವುದಿಲ್ಲ.

ಬುಕಿಂಗ್, ದುಡ್ಡು, ಪ್ರಯಾಣ ಮೂರರಲ್ಲೂ ಇಬ್ಬರನ್ನು ಬೇರೆ ಬೇರೆ ಇಬ್ಬರು ಕಲಾವಿದರು ಅಂತಲೇ ನಡೆಸಿಕೊಳ್ಳಿ. ದಿನಾಂಕ ಕೇಳಲು ಇಬ್ಬರಿಗೂ ಬೇರೆ ಬೇರೆ ಫೋನು. “ಅವರಿಗೂ ನೀವೇ ಹೇಳ್ಬಿಡಿ” ಅನ್ನಬೇಡಿ, ಆ ಒಂದು ಮಾತಿನಿಂದ ಒಬ್ಬರು ಇನ್ನೊಬ್ಬರ ಮ್ಯಾನೇಜರ್ ಆಗಿಬಿಡುತ್ತಾರೆ. ಕವರು ಬೇರೆ, ಅಥವಾ ನೇರ ಅವರವರ ಖಾತೆಗೆ. “ನನ್ನದರಲ್ಲಿ ಐನೂರು ಹಿಡಿದು ಅವರಿಗೆ ಸೇರಿಸಿ, ನಾನಂತ ಹೇಳ್ಬೇಡಿ” ಅನ್ನುವ ಕೋರಿಕೆ ಬಂದರೆ ಒಪ್ಪಬೇಡಿ. ಎಷ್ಟು ಒಳ್ಳೆಯ ಮನಸ್ಸಿನಿಂದ ಬಂದಿದ್ದರೂ ಅದು ಇನ್ನೊಬ್ಬರಿಗೆ ಗೊತ್ತಿಲ್ಲದೆ ಅವರ ಮೇಲೆ ಹೊರಿಸುವ ಋಣ. ಅವರ ಸಂಭಾವನೆ ಕಡಿಮೆ ಅನ್ನಿಸಿದರೆ ಜಾಸ್ತಿ ಮಾಡಬೇಕಾದ್ದು ತಂಡ. ಟಿಟಿಯಲ್ಲಿ ಸೀಟು ಮೊದಲೇ ಗೊತ್ತಿರಲಿ, ಗಾಯಕಿಯರು ಮುಂದಿನ ಎರಡು ಸಾಲು. ಯಾರು ಎಲ್ಲಿ ಇಳಿಯುತ್ತಾರೆ ಅನ್ನುವುದು ಡ್ರೈವರ್ ಚೀಟಿಯಲ್ಲಿರಲಿ. ರಾತ್ರಿ ಹತ್ತಕ್ಕೆ ಮೈಕು ಬಂದ್ ಆಗಿ, ಊಟ ಮುಗಿದು, ವೈರು ಸುತ್ತಿ ಗಾಡಿ ಹೊರಡುವಾಗ ಹನ್ನೆರಡಾಗಿರುತ್ತದೆ. ಆ ಹೊತ್ತಿನಲ್ಲಿ “ನಾನು ಬೈಕಲ್ಲಿ ಬಿಡ್ತೀನಿ” ಅನ್ನುವುದನ್ನು ಒಪ್ಪುವುದೂ ಬಿಡುವುದೂ ಅವರಿಷ್ಟ. ಆದರೆ ಒಲ್ಲೆ ಅನ್ನಬೇಕೆಂದಿರುವವರಿಗೆ “ಇಲ್ಲ, ನನ್ನ ಸೀಟು ಗಾಡಿಯಲ್ಲಿದೆ” ಅನ್ನುವ ನೆಪ ತಂಡವೇ ಕೊಟ್ಟಿರಬೇಕು.

ಜೋಡಿ ಬದಲಾಯಿಸುವ ಪದ್ಧತಿ ಮೊದಲ ದಿನದಿಂದಲೇ ಇದ್ದರೆ ಒಳ್ಳೆಯದು. ಎಂಟು ಡ್ಯುಯೆಟ್ಟಿನಲ್ಲಿ ಒಂದು ಜೋಡಿಗೆ ನಾಲ್ಕು ಮೀರಬಾರದು, ಪ್ರತಿ ಡ್ಯುಯೆಟ್ಟಿಗೂ ಕಲಿತ ಎರಡನೇ ಗಂಟಲು ಒಂದು ತಂಡದಲ್ಲಿರಬೇಕು, ಅವರ ಸ್ಕೇಲೂ ಫೈಲಿನಲ್ಲಿರಬೇಕು. ಸುದ್ದಿ ಹಬ್ಬಿದ ಮೇಲೆ ಬದಲಾಯಿಸಿದರೆ ಅದು ಶಿಕ್ಷೆ ಅನ್ನಿಸುತ್ತದೆ, ಶಿಕ್ಷೆ ಅಂದರೆ ತಪ್ಪು ಮಾಡಿದ್ದಾರೆ ಅಂತ ಊರಿಗೆ ಸಾರಿದ ಹಾಗೆ.

ಮಾತಾಡಲೇಬೇಕಾಗಿ ಬಂದರೆ ಕೆಲಸದ ಬಗ್ಗೆ ಮಾತಾಡಿ. “ನಿಮ್ಮಿಬ್ಬರ ನಡುವೆ ಏನು ನಡೀತಿದೆ?” ಅನ್ನುವ ಪ್ರಶ್ನೆಗೆ “ಏನಿಲ್ಲ ಸರ್” ಅನ್ನುವ ಉತ್ತರ ಬಿಟ್ಟು ಬೇರೆ ಬರುವುದಿಲ್ಲ. “ಈ ಹಾಡು ನಿಮ್ಮ ಗಡಿಗಿಂತ ಎರಡು ಕೀ ಮೇಲೆ ಹೋಗ್ತಿದೆ, ಇನ್ನು ಹತ್ತು ದಿನಕ್ಕೆ ಗಂಟಲು ಹೋಗುತ್ತೆ, ನಾಳೆಯಿಂದ ಡಿ ಶಾರ್ಪ್” ಅಂದರೆ ಅದಕ್ಕೆ ವಾದ ಇಲ್ಲ. ಬುದ್ಧಿವಂತರಿಗೆ ಮಿಕ್ಕದ್ದು ತಾನಾಗಿ ಅರ್ಥವಾಗುತ್ತದೆ.

ಹೇಳಿಬಿಡಬೇಕು ಅಂತ ನಿರ್ಧರಿಸಿದವರಿಗೆ ಹೊತ್ತು ಗೊತ್ತಿರಬೇಕು. ಕಾರ್ಯಕ್ರಮದ ದಿನ ಬೇಡ, ಗಾಡಿಯಲ್ಲಿ ಬೇಡವೇ ಬೇಡ; ಒಲ್ಲೆ ಅನ್ನುವವರು ಆಮೇಲೆ ನಾಲ್ಕು ಗಂಟೆ ಅದೇ ಗಾಡಿಯಲ್ಲಿ ಕೂತಿರಬೇಕಾಗುತ್ತದೆ. ಚಪ್ಪಾಳೆಯ ಬಿಸಿ ಇಳಿಯುವ ಮುಂಚೆಯೂ ಬೇಡ. ಗಣೇಶನ ಹಬ್ಬದಿಂದ ನವೆಂಬರ್ ರಾಜ್ಯೋತ್ಸವದವರೆಗೆ ಒಂದು ಸುತ್ತು, ಸಂಕ್ರಾಂತಿಯಿಂದ ಜಾತ್ರೆ, ಮದುವೆ ಅಂತ ಬೇಸಿಗೆಯವರೆಗೆ ಇನ್ನೊಂದು. ಕೈ ಖಾಲಿ ಇರುವುದು ಆಷಾಢದಲ್ಲಿ. ಹೊಸದಾಗಿ ಮದುವೆಯಾದವರನ್ನು ದೂರ ಇಡುವ ತಿಂಗಳು ನಮ್ಮ ಕಸುಬಿನವರಿಗೆ ಬಾಯಿಬಿಡಲು ಒಳ್ಳೆಯ ತಿಂಗಳು ಅನ್ನುವುದು ತಮಾಷೆಯಾಗಿದ್ದರೂ ನಿಜ. ಉತ್ತರ ಏನೇ ಬಂದರೂ ಮುಂದಿನ ಕಾರ್ಯಕ್ರಮಕ್ಕೆ ತಿಂಗಳಿಗೂ ಹೆಚ್ಚು ಬಿಡುವಿರುತ್ತದೆ. ಹೇಳುವುದನ್ನು ಒಂದೇ ಸಲ, ನೇರವಾಗಿ, ಹಗಲು ಹೊತ್ತು ಹೇಳಿ. ಹಾಡಿನ ಸಾಲು ಕಳಿಸಿ ಅರ್ಥಮಾಡಿಕೊಳ್ಳಲಿ ಅಂತ ಕಾಯಬೇಡಿ, ಡ್ಯುಯೆಟ್ ಹಾಡುವವರಿಗೆ ದಿನಾ ಬೆಳಗಾದರೆ ಅಂಥ ಸಾಲುಗಳೇ. “ನೀವು ಬೇಡ ಅಂದ್ರೂ ಹಾಡಿನ ಲಿಸ್ಟ್ ಹಾಗೇ ಇರುತ್ತೆ” ಅಂತ ಸೇರಿಸಿ, ಹಾಗೆಯೇ ನಡೆದುಕೊಳ್ಳಿ. ತಂಡದವರಿಗೆ ಮೊದಲು ಹೇಳಿ ಅವರ ಕೈಲಿ ಹೇಳಿಸುವುದು, ಇಲ್ಲ ಅಂದ ಮೇಲೆ ರಾತ್ರಿ ಹನ್ನೊಂದಕ್ಕೆ ಸ್ಟೇಟಸ್ ಹಾಕುವುದು, ಇವೆರಡೂ ಸಂಬಂಧವನ್ನೂ ಕೆಲಸವನ್ನೂ ಒಟ್ಟಿಗೆ ಕಳೆಯುವ ದಾರಿಗಳು.

ಇಲ್ಲ ಅನ್ನಿಸಿಕೊಂಡ ಮೇಲೆ ಹಾಡು ಕೆಡುವ ರೀತಿ ಉಲ್ಟಾ. ಕಾಲ ಓಡುತ್ತದೆ, ಸಾಲಿನ ಕೊನೆ ಕತ್ತರಿಸುತ್ತದೆ, ಮುಖ್ಯವಾಗಿ ಎತ್ತುಗಡೆ ತಪ್ಪುತ್ತದೆ. ಬಿಜಿಎಂ (ನಡುವಿನ ವಾದ್ಯದ ಭಾಗ) ಮುಗಿದು ಚರಣ ಎತ್ತುವ ಜಾಗದಲ್ಲಿ ಜೋಡಿಗಳು ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿ ಎತ್ತುತ್ತಾರೆ. ನೋಡದಿರಲು ತೀರ್ಮಾನಿಸಿದವರಿಗೆ ಆ ಸನ್ನೆ ಸಿಗುವುದಿಲ್ಲ. ಒಬ್ಬರು ಅರ್ಧ ಪದ ಮುಂದೆ, ಇನ್ನೊಬ್ಬರು ಹಿಂದೆ. ಆಗ ಸನ್ನೆಯನ್ನು ವಾದ್ಯಕ್ಕೆ ವರ್ಗಾಯಿಸಿ. ಪ್ರತಿ ಎತ್ತುಗಡೆಗೆ ಮುಂಚಿನ ಎರಡು ಬೀಟಿನಲ್ಲಿ ಪ್ಯಾಡಿನಲ್ಲಿ ಒಂದೇ ಥರದ ಫಿಲ್ (ಪುಟ್ಟ ತಾಳದ ತುಣುಕು), ಕೀಬೋರ್ಡಿನಲ್ಲಿ ಎತ್ತುವ ಸ್ವರ. ಇಬ್ಬರೂ ಜನರ ಕಡೆ ನೋಡಿಕೊಂಡೇ ಸರಿಯಾಗಿ ಎತ್ತಬಹುದು. ಮೂರು ಕಾರ್ಯಕ್ರಮಕ್ಕೆ ಪ್ರೇಮಗೀತೆ ತೆಗೆದು ಭಾವಗೀತೆ, ಭಕ್ತಿಗೀತೆ, ನಾಡಗೀತೆಯ ಥರದವನ್ನು ಹಾಕಿ. ಬೇಡಿಕೆಯ ಹಾಡು ಇದ್ದರೆ ಎರಡನೇ ಗಂಟಲು ಇದ್ದೇ ಇದೆ.

ಜೋಡಿಯಲ್ಲಿ ಒಬ್ಬರು ಅವಕಾಶ ಕೊಡುವವರಾಗಿದ್ದರೆ, ಅಂದರೆ ಮಾಲೀಕರು, ಗುರುಗಳು, ರಾಗ ಸಂಯೋಜಕರು ಆಗಿದ್ದರೆ, ಮೇಲೆ ಹೇಳಿದ್ದು ಯಾವುದೂ ಸಾಲದು. ಅಂಥವರ ಮೌನವೂ ಒತ್ತಡವೇ. ಬೇಡ ಅಂದರೆ ಹಾಡು ಹೋಗುತ್ತದೆ ಅನ್ನುವುದು ಹೇಳದೆಯೇ ಗೊತ್ತಿರುತ್ತದೆ. ಹಾಡು ಹಂಚುವ, ಸಂಭಾವನೆ ಗೊತ್ತುಮಾಡುವ ಕೆಲಸವನ್ನು ಆ ಒಬ್ಬರ ಮಟ್ಟಿಗಾದರೂ ಬೇರೆಯವರ ಕೈಗೆ ಕೊಡಬೇಕು. ಬೇಡ ಅಂದ ಮೇಲೂ ಕಾಟ ನಿಲ್ಲದಿದ್ದರೆ ಅದು ಪ್ರೀತಿಯ ವಿಷಯವೇ ಅಲ್ಲ, ಕಾನೂ‌ನಿನ ವಿಷಯ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ದಿನಗೂಲಿಯವರಿಗೂ, ತಾತ್ಕಾಲಿಕವಾಗಿ ಬಂದು ಹಾಡುವವರಿಗೂ ಅನ್ವಯಿಸುತ್ತದೆ. ಕೆಲಸದ ಮೇಲೆ ಹೋದ ಊರು, ತಂಡ ಒದಗಿಸಿದ ಗಾಡಿ ಎರಡೂ ಕೆಲಸದ ಸ್ಥಳವೇ. ಹತ್ತು ಅಥವಾ ಹೆಚ್ಚು ಜನ ಇದ್ದರೆ ತಂಡದಲ್ಲೇ ಆಂತರಿಕ ಸಮಿತಿ ಇರಬೇಕು. ಹತ್ತಕ್ಕಿಂತ ಕಡಿಮೆ ಇದ್ದರೆ, ಇಲ್ಲವೇ ದೂರು ಮಾಲೀಕರ ಮೇಲೇ ಇದ್ದರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು. ದೂರು ಬರಹದಲ್ಲಿ, ಘಟನೆಯಾದ ಮೂರು ತಿಂಗಳೊಳಗೆ; ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಅಷ್ಟರಲ್ಲಿ ಯಾರನ್ನಾದರೂ ಲಿಸ್ಟಿನಿಂದ ಕೈಬಿಡಬೇಕಾದರೆ ದೂರು ಕೊಟ್ಟವರನ್ನು ಕೈಬಿಡಬೇಡಿ. ನಮ್ಮಲ್ಲಿ ಸಾಮಾನ್ಯವಾಗಿ ಮೊದಲು ಮನೆಗೆ ಹೋಗುವುದು ಅವರೇ.

ಕೊನೆಗೆ ಜೋಡಿ ಬೇರೆಯಾಗುವ ದಿನದ ಕೆಲಸಗಳು. ಈಗ ಎಷ್ಟೋ ಜೋಡಿಗಳಿಗೆ ಸ್ವಂತ ಯೂಟ್ಯೂಬ್ ಚಾನೆಲ್ ಇರುತ್ತದೆ, ಲಾಗಿನ್ ಒಬ್ಬರ ಫೋನ್ ನಂಬರಿನಲ್ಲಿ, ಜಾಹೀರಾತಿನ ದುಡ್ಡು ಒಬ್ಬರ ಖಾತೆಗೆ. ಸ್ನೇಹ ಚೆನ್ನಾಗಿದ್ದಾಗ ಇದನ್ನು ಯಾರೂ ಕೇಳುವುದಿಲ್ಲ, ಕೆಟ್ಟ ಮೇಲೆ ಕೇಳಲು ಬಾಯಿ ಬರುವುದಿಲ್ಲ. ಚಾನೆಲ್ ಶುರುಮಾಡುವ ದಿನವೇ ಇಬ್ಬರಿಗೂ ಪ್ರವೇಶ ಇರುವ ಹಾಗೆ ಮಾಡಿ, ಹಂಚಿಕೆ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿ. ಹಳೆಯ ವಿಡಿಯೋ ತೆಗೆಯಬೇಕೆಂದು ಇಬ್ಬರಲ್ಲಿ ಒಬ್ಬರು ಕೇಳಿದರೂ ಕಾರಣ ಕೇಳದೆ ಮರೆಮಾಡಿ. ಫೈಲಿನಲ್ಲಿ ಮಾತ್ರ ಆ ಜೋಡಿಯ ಸ್ಕೇಲುಗಳನ್ನು ಅಳಿಸಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಹೊಸ ಜೋಡಿಯದು ಬರೆಯಿರಿ. ಯಾವುದೋ ಜಾತ್ರೆಗೆ ಎರಡನೇ ಗಂಟಲಿಗೆ ಜ್ವರ ಬಂದು, ಹಳೆಯವರಿಬ್ಬರೇ ಮತ್ತೆ ಮೈಕು ಹಿಡಿಯಬೇಕಾದಾಗ ಹುಡುಕುವುದು ಆ ಗೆರೆಯ ಕೆಳಗಿನ ಅಕ್ಷರವನ್ನೇ.